ಬ್ಯಾಂಕಿನ ಖರ್ಚಿನಲ್ಲಿ ಟೆಕ್ ಕೆಲಸಕ್ಕೆ: ಪುಣೆಯಿಂದ ಒಂದಿಷ್ಟು ಲೆಕ್ಕಾಚಾರ

ಪುಣೆಯಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಈಗ ಈ ಮಾತು ಬಂದೇ ಬರುತ್ತದೆ. "ಅಕ್ಕಾ, ಬ್ಯಾಂಕಿನವರೇ ದುಡ್ಡು ಕೊಟ್ಟು ಕಂಪ್ಯೂಟರ್ ಕೆಲಸ ಕಲಿಸ್ತಾರಂತೆ, ಆಮೇಲೆ ಅಲ್ಲೇ ಇಟ್ಕೋತಾರಂತೆ, ನಿಜಾನಾ?" ನಿಜ. ಆದರೆ ಕೇಳಿದಷ್ಟು ಸಲೀಸಲ್ಲ. ನಾನು ಒಂದು ಪತಸಂಸ್ಥೆಯ (ಸಹಕಾರಿ ಸಾಲ ಸಂಘದ) ಲೆಕ್ಕದ ಮೇಜಿನಿಂದ ಪುಣೆಯ ಖರಾಡಿಯ ವಿದೇಶಿ ಬ್ಯಾಂಕೊಂದರ ಟೆಕ್ ತಂಡಕ್ಕೆ ಇಂಥದೇ ತರಬೇತಿ ಮೂಲಕ ಬಂದವಳು. ಕೇಳಿದವರಿಗೆಲ್ಲ ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ಒಂದು ಮಾತು ಮೊದಲೇ ತಲೆಯಲ್ಲಿರಲಿ: ಇದು ಪುಕ್ಕಟೆ ಅಲ್ಲ. ಫೀಸು ರೂಪಾಯಿಯ ಬದಲು ವರ್ಷಗಳ ಲೆಕ್ಕದಲ್ಲಿ ಹೋಗುತ್ತದೆ, ಅಷ್ಟೇ. ಹಾಗಾಗಿ ಇದನ್ನು ಕೋರ್ಸ್ ಅಂತ ನೋಡಬೇಡಿ, ನೌಕರಿ ಒಪ್ಪಂದ ಅಂತ ನೋಡಿ. ಆಗ ಕೇಳಬೇಕಾದ ಪ್ರಶ್ನೆಗಳೇ ಬೇರೆಯಾಗುತ್ತವೆ.

ಮೊದಲು, ದುಡ್ಡು ಯಾರದು?

"ಬ್ಯಾಂಕ್ ಪ್ರಾಯೋಜಿತ ತರಬೇತಿ" ಅನ್ನುವ ಒಂದೇ ಹೆಸರಿನಲ್ಲಿ ಮೂರು ನಾಲ್ಕು ಬೇರೆ ಬೇರೆ ವ್ಯವಹಾರ ನಡೆಯುತ್ತವೆ.

ಒಂದು, ಬ್ಯಾಂಕೇ ನಿಮ್ಮನ್ನು ಕೆಲಸಕ್ಕೆ ತೆಗೆದುಕೊಂಡು, ಸಂಬಳವೋ ಸ್ಟೈಪೆಂಡೋ ಕೊಡುತ್ತಾ ಕಲಿಸುವುದು. ಬಾರ್ಕ್ಲೇಸ್, ಡಾಯ್ಚ ಬ್ಯಾಂಕ್, ಎಚ್‌ಎಸ್‌ಬಿಸಿ, ಸಿಟಿ, ಯುಬಿಎಸ್, ಬಿಎನ್‌ವೈ, ಇವರೆಲ್ಲರ ತಂತ್ರಜ್ಞಾನ ಕೇಂದ್ರಗಳು ಪುಣೆಯಲ್ಲಿವೆ. ಜೆಪಿ ಮಾರ್ಗನ್, ಮಾರ್ಗನ್ ಸ್ಟ್ಯಾನ್ಲಿ ಮುಂಬೈಯಲ್ಲಿವೆ. ಮದುವೆ, ಮಕ್ಕಳು, ಮನೆಯವರ ಕಾಯಿಲೆ ಅಂತ ಕೆಲಸ ಬಿಟ್ಟವರಿಗೆ ಇಲ್ಲೇ ಒಂದು ಬೇರೆ ಬಾಗಿಲಿದೆ, ರಿಟರ್ನ್‌ಶಿಪ್. ಗೋಲ್ಡ್‌ಮನ್ ಸ್ಯಾಕ್ಸ್ 2008ರಲ್ಲಿ ಈ ಹೆಸರಿನಲ್ಲಿ ಶುರು ಮಾಡಿತು, ಜೆಪಿ ಮಾರ್ಗನ್ ತನ್ನದನ್ನು ರೀಎಂಟ್ರಿ ಅನ್ನುತ್ತದೆ. ಇವುಗಳಿಗೆ ಸಾಮಾನ್ಯವಾಗಿ ಹಿಂದಿನ ಅನುಭವವೂ ಬೇಕು, ನಡುವೆ ಒಂದೆರಡು ವರ್ಷದ ಬಿಡುವೂ ಇರಬೇಕು. ಬೇರೆ ಕಡೆ ಮುಚ್ಚಿಡುವ ಗ್ಯಾಪೇ ಇಲ್ಲಿ ಅರ್ಹತೆ!

ಎರಡು, ಸಿಎಸ್‌ಆರ್ ಹಣ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, ಖಾಸಗಿ ಬ್ಯಾಂಕುಗಳೂ ಇದರಲ್ಲಿ ಬರುತ್ತವೆ. ಆ ಹಣದಲ್ಲಿ ಯಾವುದೋ ಟ್ರಸ್ಟ್ ತರಗತಿ ನಡೆಸುತ್ತದೆ. ನಿಜವಾಗಿ ಪುಕ್ಕಟೆ, ಮಧ್ಯೆ ಬಿಟ್ಟರೆ ಹಣ ಕಟ್ಟುತ್ತೇನೆ ಅನ್ನುವ ಬಾಂಡ್ ಇಲ್ಲ. ಆದರೆ ಸಾಮಾನ್ಯವಾಗಿ ವಯಸ್ಸಿನ ಮಿತಿ, ಮನೆಯ ಆದಾಯದ ಮಿತಿ ಇರುತ್ತದೆ, ಮತ್ತು ಕೊನೆಗೆ ಸಿಗುವುದು "ಪ್ಲೇಸ್‌ಮೆಂಟ್ ಸಹಾಯ", ಅಂದರೆ ನಾಲ್ಕು ಕಂಪನಿಗಳ ಮುಂದೆ ನಿಲ್ಲಿಸುತ್ತಾರೆ, ಉಳಿದದ್ದು ನಿಮ್ಮ ಹಣೆಬರಹ. ಬ್ಯಾಂಕು ದುಡ್ಡು ಹಾಕಿ ಕೆಲಸ ಕಲಿಸುವುದು ನಮ್ಮವರಿಗೆ ಹೊಸದೇನಲ್ಲ ಅನ್ನಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಶುರು ಮಾಡಿದ ರುಡ್‌ಸೆಟ್ ನೋಡಿಯೇ ಕೇಂದ್ರ ಸರ್ಕಾರ ದೇಶದ ಜಿಲ್ಲೆ ಜಿಲ್ಲೆಯಲ್ಲಿ ಆರ್‌ಸೆಟಿ ಅನ್ನುವ ಸ್ವಉದ್ಯೋಗ ತರಬೇತಿ ಸಂಸ್ಥೆ ತೆರೆದದ್ದು. ಅಲ್ಲಿ ಟ್ಯಾಲಿ, ಮೊಬೈಲ್ ರಿಪೇರಿ ಥರದ ಸ್ವಉದ್ಯೋಗದ ಕೆಲಸ ಕಲಿಸುತ್ತಾರೆ. ಹಿಂಜವಡಿಯ ಐಟಿ ಕೆಲಸಕ್ಕೆ ಅದು ದಾರಿ ಅಲ್ಲ, ಆದರೆ ಊರಲ್ಲಿರುವ ತಮ್ಮಂದಿರಿಗೆ ಹೇಳಿ.

ಮೂರು, ಬರೀ ಸಾಲ. ಖಾಸಗಿ ಸಂಸ್ಥೆ ಲಕ್ಷಗಟ್ಟಲೆ ಫೀಸು ಹೇಳುತ್ತದೆ, ಬ್ಯಾಂಕು ನಿಮ್ಮ ಹೆಸರಿಗೆ ಸಾಲ ಕೊಡುತ್ತದೆ, ಜಾಹೀರಾತಿನಲ್ಲಿ ಅದೇ "ಬ್ಯಾಂಕ್ ಪ್ರಾಯೋಜಿತ" ಅಂತಾಗುತ್ತದೆ. ಸಾಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸಾಲ ಮಾಡಿಯೇ ಓದುವುದಾದರೆ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್‌ನ ಪಿಜಿ-ಡ್ಯಾಕ್ ಡಿಪ್ಲೊಮಾ ಕಡೆ ನೋಡಿ. ಸಿ-ಡ್ಯಾಕ್‌ನ ಪ್ರಧಾನ ಕಚೇರಿ ಪುಣೆಯಲ್ಲೇ ಇದೆ, ಆರು ತಿಂಗಳ ಕೋರ್ಸು, ಸಿ-ಕ್ಯಾಟ್ ಪ್ರವೇಶ ಪರೀಕ್ಷೆ ವರ್ಷಕ್ಕೆ ಎರಡು ಸಲ ಬರುತ್ತದೆ. ಬಿ.ಕಾಂ. ಅಥವಾ ಬಿ.ಎ. ಮಾಡಿದವರಿಗೆ ಮಾತ್ರ ನೇರ ಪ್ರವೇಶ ಕಷ್ಟ, ಅರ್ಹತೆಯ ಪಟ್ಟಿ ಮೊದಲೇ ಓದಿಕೊಳ್ಳಿ.

ನಾಲ್ಕನೆಯದು ಸ್ವಲ್ಪ ಮೋಸದ ಮುಖ ಇರುವಂಥದ್ದು. ಬ್ಯಾಂಕಿನ ಕೆಲಸ, ಬ್ಯಾಂಕಿನ ಕಟ್ಟಡ, ಆದರೆ ಸಂಬಳದ ಚೀಟಿ ಇನ್ಯಾವುದೋ ಕಂಪನಿಯದು. ಆ ಕಂಪನಿ ನಿಮ್ಮನ್ನು ತೆಗೆದುಕೊಂಡು, ತರಬೇತಿ ಕೊಟ್ಟು, ಬ್ಯಾಂಕಿಗೆ ಕಳಿಸುತ್ತದೆ. ಬ್ಯಾಂಕು ಬೇಡ ಅಂದ ದಿನ ಬೆಂಚಿನ ಮೇಲೆ ಕೂರುತ್ತೀರಿ, ಅಂದರೆ ಮುಂದಿನ ಕೆಲಸಕ್ಕೆ ಕಾಯುತ್ತೀರಿ. ಇದೂ ಕೆಲಸವೇ, ಇದರಿಂದ ಮುಂದೆ ಬಂದವರೂ ಬೇಕಾದಷ್ಟಿದ್ದಾರೆ, ಆದರೆ ಗೊತ್ತಿದ್ದು ಹೋಗಬೇಕು.

ಇಷ್ಟನ್ನೂ ಬೇರ್ಪಡಿಸಲು ಒಂದೇ ಪ್ರಶ್ನೆ ಸಾಕು: "ಆಫರ್ ಲೆಟರ್ ಯಾರ ಹೆಸರಿನಲ್ಲಿ ಬರುತ್ತೆ, ತರಬೇತಿಗೆ ಮುಂಚೆಯೋ ಆಮೇಲೆಯೋ?" ಎದುರಿಗಿರುವವರು ತೊದಲಿದರೆ ಉತ್ತರ ಸಿಕ್ಕಿತು ಅಂತಲೇ ಅಂದುಕೊಳ್ಳಿ. ಇನ್ನು ಲ್ಯಾಪ್‌ಟಾಪ್ ಡೆಪಾಸಿಟ್, ವೆರಿಫಿಕೇಶನ್ ಫೀಸು, ಸೀಟು ಹಿಡಿದಿಡಲು ಐದು ಸಾವಿರ ಯುಪಿಐ ಮಾಡಿ ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ. ಕೆಲಸ ಕೊಡುವವರು ಕೆಲಸ ಕೇಳುವವರಿಂದ ದುಡ್ಡು ತಗೊಳ್ಳುವುದಿಲ್ಲ. ಬ್ಯಾಂಕಿನ ಸ್ವಂತ ವೆಬ್‌ಸೈಟಿನ ಉದ್ಯೋಗ ಪುಟದಲ್ಲಿ ಆ ತರಬೇತಿಯ ಹೆಸರಿದೆಯೋ ಇಲ್ಲವೋ ನೀವೇ ಹುಡುಕಿ ನೋಡಿ. ಅವರು ಕಳಿಸಿದ ಲಿಂಕ್ ಒತ್ತಿ ನೋಡುವುದು ಬೇಡ.

(ಸರ್ಕಾರಿ ಬ್ಯಾಂಕೇ ಬೇಕು ಅನ್ನುವವರಿಗೆ ಒಂದು ಸಣ್ಣ ದಾರಿ: ಐಬಿಪಿಎಸ್ ಸ್ಪೆಷಲಿಸ್ಟ್ ಆಫೀಸರ್ ಪರೀಕ್ಷೆಯ ಐಟಿ ಹುದ್ದೆಗೆ ಇಂಜಿನಿಯರಿಂಗ್ ಇಲ್ಲದಿದ್ದರೂ, ಪದವಿಯ ಜೊತೆ ಡೋಯೆಕ್ (ಈಗಿನ ನೈಲಿಟ್) ಸಂಸ್ಥೆಯ 'ಬಿ' ಲೆವೆಲ್ ಕಂಪ್ಯೂಟರ್ ಪರೀಕ್ಷೆ ಪಾಸಾದವರು ಅರ್ಜಿ ಹಾಕಬಹುದು. ವಯಸ್ಸು 20ರಿಂದ 30, ಮೀಸಲಾತಿಯವರಿಗೆ ಸಡಿಲಿಕೆ ಇದೆ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ.)

ನಿಮ್ಮನ್ನೇ ಯಾಕೆ ತಗೋಬೇಕು?

ಕೋಡ್ ಬರೆಯುವ ಹುಡುಗರು ಪುಣೆಯಲ್ಲಿ ಕಾಲೇಜಿಗೆ ನೂರರ ಲೆಕ್ಕದಲ್ಲಿ ಸಿಗುತ್ತಾರೆ. ಅವರ ಜೊತೆ ಕೋಡಿಂಗ್‌ನಲ್ಲೇ ಓಟಕ್ಕೆ ನಿಂತರೆ ಮೂವತ್ತೈದರ ನಾವು ಗೆಲ್ಲಲ್ಲ. ಬ್ಯಾಂಕಿಗೆ ಕಡಿಮೆ ಬೀಳುವುದು ಬೇರೆ ಥರದವರು: ಸಂಜೆ ಕ್ಯಾಶ್ ಹೊಂದದೆ ಹೋದರೆ ಏನಾಗುತ್ತದೆ, ಒಂದೇ ಪಾವತಿ ಎರಡು ಸಲ ಬಿದ್ದರೆ ಗಿರಾಕಿ ಹೇಗೆ ಕೂಗಾಡುತ್ತಾನೆ, ಮಾರ್ಚ್ 31ಕ್ಕೆ ಯಾಕೆ ಯಾರೂ ರಜೆ ಕೇಳುವುದಿಲ್ಲ, ಇದೆಲ್ಲ ಮೈಯಲ್ಲಿ ಗೊತ್ತಿರುವವರು. ಹೋಟೆಲ್ ಕೌಂಟರಿನಲ್ಲಿ ಕೂತವರಿಗೆ, ಎಲ್‌ಐಸಿ ಏಜೆಂಟರ ಹತ್ತಿರ ಕ್ಲೇಮ್ ಫಾರಂ ತುಂಬಿದವರಿಗೆ, ಶಾಲೆಯ ಫೀಸು ಲೆಕ್ಕ ಇಟ್ಟವರಿಗೆ, ಮಾರ್ಕೆಟ್ ಯಾರ್ಡಿನ ಗದ್ದಿಯಲ್ಲಿ ಖಾತೆ ಬರೆದವರಿಗೆ ಇದು ಇದೆ.

ಹಾಗಾಗಿ ಹಳೆಯ ಕೆಲಸವನ್ನು ರೆಸ್ಯೂಮಿನಿಂದ ಒರೆಸಬೇಡಿ. ಅದನ್ನು ಬ್ಯಾಂಕಿನ ಭಾಷೆಯಲ್ಲಿ ಬರೆಯಿರಿ. "ಹೋಟೆಲಿನಲ್ಲಿ ಕ್ಯಾಶಿಯರ್ ಆಗಿದ್ದೆ" ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. "ದಿನದ ನಗದು, ಕಾರ್ಡ್, ಯುಪಿಐ ಮೂರನ್ನೂ ಬ್ಯಾಂಕ್ ಸ್ಟೇಟ್‌ಮೆಂಟಿನ ಜೊತೆ ತಾಳೆ ನೋಡುತ್ತಿದ್ದೆ, ಬಾರದ ಹಣವನ್ನು ಬ್ಯಾಂಕಿಗೆ ಬರೆದು ತರಿಸುತ್ತಿದ್ದೆ" ಅಂದರೆ ಸಂದರ್ಶಕರು ತಲೆ ಎತ್ತುತ್ತಾರೆ. ಅವರ ಆಫೀಸಿನಲ್ಲಿ ಅದಕ್ಕೆ ರಿಕನ್ಸಿಲಿಯೇಷನ್ ಅಂತ ದೊಡ್ಡ ತಂಡವೇ ಇದೆ.

ಏನು ಕಲಿತು ಹೋಗಬೇಕು

ಸಣ್ಣ ಪಟ್ಟಿ: ಎಸ್‌ಕ್ಯೂಎಲ್ (ಡೇಟಾ ಟೇಬಲ್‌ಗಳಿಂದ ಬೇಕಾದ್ದನ್ನು ಎತ್ತುವ ಭಾಷೆ) ಚೆನ್ನಾಗಿ, ಪೈಥಾನ್ (ಪ್ರೋಗ್ರಾಂ ಬರೆಯುವ ಭಾಷೆ) ಸ್ವಲ್ಪ, ಸರ್ವರ್‌ಗಳಲ್ಲಿ ಬಳಸುವ ಲಿನಕ್ಸ್‌ನ ದಿನಬಳಕೆಯ ಕಮಾಂಡುಗಳು. ಇನ್ನೊಂದು ಭಾಷೆ ಜಾವಾ ಬೇಕಾದರೆ ಅವರೇ ಕಲಿಸುತ್ತಾರೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಅಂತಿದೆ, ಪವಾಯಿಯವರು ಮಾಡಿದ್ದು, ಪುಕ್ಕಟೆ, ಹಲವು ಪಾಠಗಳು ಕನ್ನಡದಲ್ಲೇ ಇವೆ. ಇಂಗ್ಲಿಷಿನಲ್ಲಿ ಕೇಳಿ ತಲೆ ಬಿಸಿಯಾದವರು ಅಲ್ಲಿಂದ ಶುರು ಮಾಡಿ. ಆಮೇಲೆ ಎನ್‌ಪಿಟೆಲ್, ಐಐಟಿಗಳ ಆನ್‌ಲೈನ್ ಪಾಠಗಳು. ಕೇಳುವುದಕ್ಕೆ ಕಾಸಿಲ್ಲ, ಸರ್ಟಿಫಿಕೇಟ್ ಬೇಕಾದವರಿಗಷ್ಟೇ ಪರೀಕ್ಷೆಯ ಫೀಸು.

ಆದರೆ ವಿಡಿಯೊ ನೋಡಿ ನೋಡಿ ಯಾರೂ ಈಜು ಕಲಿಯುವುದಿಲ್ಲ. ಕೈಯಾರೆ ಮಾಡಲು ಎರಡು ಕೆಲಸ ಹೇಳುತ್ತೇನೆ, ಎರಡೂ ಬ್ಯಾಂಕಿನ ಒಳಗೆ ದಿನಾ ನಡೆಯುವಂಥವೇ.

ಮೊದಲನೆಯದು ಐಎಫ್‌ಎಸ್‌ಸಿ ಕೋಡ್ ಪರೀಕ್ಷಿಸುವ ಪುಟ್ಟ ಪ್ರೋಗ್ರಾಂ. 11 ಅಕ್ಷರ, ಮೊದಲ ನಾಲ್ಕು ಬ್ಯಾಂಕಿನ ಗುರುತು, ಐದನೆಯದು ಸೊನ್ನೆ, ಕೊನೆಯ ಆರು ಶಾಖೆಯದು. ಇಷ್ಟನ್ನು ಪೈಥಾನಿನಲ್ಲಿ ಬರೆಯುವುದು ಒಂದು ಸಂಜೆಯ ಕೆಲಸ. ಮಜಾ ಇರುವುದು ಆಮೇಲೆ, ಅದನ್ನು ಕೆಡಿಸಲು ನೋಡುವುದರಲ್ಲಿ. ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ 'ಓ' ಹಾಕಿ. ಸಣ್ಣಕ್ಷರ ಹಾಕಿ. ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸ್ಪೇಸ್ ಬಿಡಿ, ವಾಟ್ಸಾಪಿನಿಂದ ಕಾಪಿ ಮಾಡಿದರೆ ಅದು ಬಂದೇ ಬರುತ್ತದೆ. ಈಗ ಇನ್ನೊಂದು: ಊರಿನ ಹಳೆಯ ಸಿಂಡಿಕೇಟ್ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿರುವ ಕೋಡ್ ಹಾಕಿ ನೋಡಿ. ಪ್ರೋಗ್ರಾಂ 'ಸರಿ' ಅನ್ನುತ್ತದೆ. ಆದರೆ ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾದಲ್ಲಿ ಸೇರಿಹೋಯಿತು, ಅದರ ಹಳೆಯ ಕೋಡುಗಳು 2021ರ ಜುಲೈಯಿಂದ ನಡೆಯುವುದಿಲ್ಲ. ಅಂದರೆ ರೂಪ ಸರಿ ಇದ್ದ ಮಾತ್ರಕ್ಕೆ ಕೋಡ್ ಬದುಕಿದೆ ಅಂತ ಅರ್ಥ ಅಲ್ಲ, ಆರ್‌ಬಿಐ ಪಟ್ಟಿಯ ಜೊತೆ ನೋಡಲೇಬೇಕು. ಸಂದರ್ಶನದಲ್ಲಿ "ನೀವು ಮಾಡಿದ ಪ್ರಾಜೆಕ್ಟ್ ಹೇಳಿ" ಅಂದಾಗ ಈ ಕೊನೆಯ ಭಾಗ ಹೇಳಿ. ಟೆಸ್ಟಿಂಗ್ ತಂಡದವರು ಕೇಳಲು ಬಯಸುವುದು ಇದನ್ನೇ.

ಎರಡನೆಯದು ತಾಳೆ ನೋಡುವ ಕೆಲಸ. ಗೊತ್ತಿರುವ ಅಂಗಡಿಯವರ ಒಂದು ವಾರದ ಯುಪಿಐ ವರದಿ ಕೇಳಿ, ಅವರ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿ. ಹೆಸರು, ಫೋನ್ ನಂಬರು ಅಳಿಸಿಕೊಂಡೇ ತಗೊಳ್ಳಿ. ಎರಡನ್ನೂ ಎರಡು ಟೇಬಲ್ ಮಾಡಿ, ಪ್ರತಿ ಪಾವತಿಯ ಗುರುತಾದ 12 ಅಂಕಿಯ ಯುಟಿಆರ್ ಸಂಖ್ಯೆಯ ಮೇಲೆ ಎಸ್‌ಕ್ಯೂಎಲ್‌ನ ಲೆಫ್ಟ್ ಜಾಯಿನ್ ಹಾಕಿ (ಯುಪಿಐ ವರದಿಯ ಪ್ರತಿ ಸಾಲಿಗೂ ಬ್ಯಾಂಕಿನ ಕಡೆ ಜೋಡಿ ಹುಡುಕುವುದು), ಬ್ಯಾಂಕಿನ ಕಡೆ ಖಾಲಿ ಬಂದ ಸಾಲುಗಳನ್ನು ಎತ್ತಿ. ಅದೇ ಬಾರದ ಹಣ. ಮೊದಲ ಸಲ ಒಂದೂ ಹೊಂದುವುದಿಲ್ಲ ನೋಡಿ! ಯಾಕೆಂದರೆ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಿದಾಗ ಅದು 12 ಅಂಕಿಯನ್ನು 4.12ಇ+11 ಅಂತ ಏನೋ ಮಾಡಿಟ್ಟಿರುತ್ತದೆ, ಮುಂದಿನ ಸೊನ್ನೆ ಇದ್ದರೆ ಅದನ್ನೂ ನುಂಗಿರುತ್ತದೆ. ಆ ಕಾಲಮ್ಮನ್ನು ಅಂಕಿ ಅಂತ ಇಡದೆ ಅಕ್ಷರ ಅಂತ ಇಡಬೇಕು. ಈ ಒಂದು ಪಾಠ ನಾಲ್ಕು ವಾರದ ತರಗತಿಗಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಜೊತೆಗೆ ಪೇಪರ್ ಓದುವ ಅಭ್ಯಾಸ ಇರಲಿ. ಬ್ಯಾಂಕಿಂದ ಬ್ಯಾಂಕಿಗೆ ಹಣ ಕಳಿಸುವ ನೆಫ್ಟ್ 2019ರ ಡಿಸೆಂಬರಿನಿಂದ, ಆರ್‌ಟಿಜಿಎಸ್ ಮರುವರ್ಷದ ಡಿಸೆಂಬರಿನಿಂದ ದಿನದ 24 ಗಂಟೆಯೂ ನಡೆಯುತ್ತಿವೆ. ಹಾಗಾದರೆ ಸರ್ವರ್ ರಿಪೇರಿಗೆ ನಿಲ್ಲಿಸುವುದು ಯಾವಾಗ? ಇಂಥ ಪ್ರಶ್ನೆ ನಿಮಗೇ ಹುಟ್ಟಿದರೆ ಅರ್ಧ ತಯಾರಿ ಆದಂತೆ.

ಪರೀಕ್ಷೆ, ಸಂದರ್ಶನ

ಆನ್‌ಲೈನ್ ಆಪ್ಟಿಟ್ಯೂಡ್, ಸ್ವಲ್ಪ ಲಾಜಿಕ್, ಇಂಗ್ಲಿಷಿನಲ್ಲಿ ಮಾತು, ಆಮೇಲೆ ಒಂದೋ ಎರಡೋ ಸುತ್ತು ಸಂದರ್ಶನ. ಇಂಗ್ಲಿಷ್ ನಿಧಾನವಾಗಿ ಬಂದರೆ ಬರಲಿ, ಲಂಡನ್ ಆಫೀಸಿನವರಿಗೆ ಅರ್ಥವಾಗಬೇಕು, ಅಷ್ಟೇ. ಮರಾಠಿ ಕಡ್ಡಾಯ ಇಲ್ಲ, ಊಟದ ಮೇಜಿನಲ್ಲಿ ಮಾತ್ರ ಬಹಳ ಉಪಯೋಗ. "ಐಟಿಗೆ ಯಾಕೆ ಬರ್ತೀರಿ?" ಅಂದಾಗ "ಸಣ್ಣವಳಿದ್ದಾಗಿಂದ ಆಸೆ" ಅನ್ನಬೇಡಿ, ಯಾರೂ ನಂಬಲ್ಲ. ಹಳೆಯ ಕೆಲಸದಲ್ಲಿ ಕೈಯಿಂದ ಮಾಡಿ ಮಾಡಿ ಬೇಸತ್ತ ಒಂದು ಕೆಲಸ ಹೇಳಿ, ಅದನ್ನು ಹೇಗೆ ಸುಲಭ ಮಾಡಿದಿರಿ ಅಥವಾ ಮಾಡಬಹುದಿತ್ತು ಅಂತ ಹೇಳಿ.

ಸಹಿ ಹಾಕುವ ಮುಂಚೆ

ಇಲ್ಲಿ ಆತುರ ಬೇಡ. ಬಾಂಡ್ ಅಂದರೆ ತರಬೇತಿ ಆದಮೇಲೆ ಇಷ್ಟು ವರ್ಷ ಇರುತ್ತೇನೆ, ಮಧ್ಯೆ ಬಿಟ್ಟರೆ ಇಷ್ಟು ಕಟ್ಟುತ್ತೇನೆ ಅನ್ನುವ ಕಾಗದ. "ಅಯ್ಯೋ, ಬಾಂಡ್ ಎಲ್ಲ ಕೋರ್ಟಿನಲ್ಲಿ ನಿಲ್ಲಲ್ಲ, ಸುಮ್ನೆ ಸಹಿ ಹಾಕು" ಅಂತ ಹೇಳುವ ಅಣ್ಣಂದಿರು ಎಲ್ಲ ಕಡೆ ಇದ್ದಾರೆ. ಅವರ ಮಾತು ಕೇಳಬೇಡಿ. ಉದಾಹರಣೆ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನದೇ ಇದೆ. ಮೂರು ವರ್ಷದ ಮುಂಚೆ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನುವ ಷರತ್ತು, 2009ರಲ್ಲಿ ಒಬ್ಬ ಅಧಿಕಾರಿ ಇನ್ನೊಂದು ಬ್ಯಾಂಕಿಗೆ ಹೋಗಲು ಬಿಟ್ಟರು, ಹಣ ಕಟ್ಟಿ ಕೇಸು ಹಾಕಿದರು. ಕರ್ನಾಟಕ ಹೈಕೋರ್ಟ್ ಅವರ ಪರ ನಿಂತಿತ್ತು, ಆದರೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕಿನ ಷರತ್ತನ್ನೇ ಎತ್ತಿಹಿಡಿಯಿತು. ಕೆಲಸ ಬಿಟ್ಟ ಮೇಲೆ ಬೇರೆಲ್ಲೂ ದುಡಿಯಬಾರದು ಅನ್ನುವುದು ಕಾಂಟ್ರಾಕ್ಟ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ನಡೆಯುವುದಿಲ್ಲ, ಕೆಲಸದಲ್ಲಿರುವಷ್ಟು ಕಾಲಕ್ಕೆ ಹಾಕುವ ಕಟ್ಟುಪಾಡು ಬೇರೆ ಅಂತ ಹೇಳಿತು. ಅದು ಸರ್ಕಾರಿ ಬ್ಯಾಂಕು, ಒಬ್ಬರು ಬಿಟ್ಟರೆ ಮತ್ತೆ ಜಾಹೀರಾತು, ಪರೀಕ್ಷೆ ಅಂತ ಖರ್ಚಿದೆ ಅನ್ನುವುದನ್ನೂ ಕೋರ್ಟು ಲೆಕ್ಕಕ್ಕೆ ತಗೊಂಡಿತು. ಖಾಸಗಿಯವರ ಬಾಂಡ್ ಕಣ್ಣುಮುಚ್ಚಿ ಒಪ್ಪಲಾಗುತ್ತದೆ ಅಂತಲ್ಲ, ಆದರೆ 'ಬರೀ ಕಾಗದ' ಅಂತ ನಂಬಿ ಸಹಿ ಹಾಕುವ ಕಾಲ ಹೋಯಿತು.

ಆದ್ದರಿಂದ ಇಷ್ಟು ಕೇಳಿ, ಬರಹದಲ್ಲೇ ಕೇಳಿ. ವರ್ಷಗಳ ಎಣಿಕೆ ತರಬೇತಿಯ ಮೊದಲ ದಿನದಿಂದಲೋ, ತಂಡಕ್ಕೆ ಹಾಕಿದ ದಿನದಿಂದಲೋ? ಅರ್ಧ ಅವಧಿ ಮುಗಿಸಿ ಬಿಟ್ಟರೆ ಅರ್ಧ ಹಣವೋ, ಪೂರ್ತಿಯೋ? ಅವರೇ ತೆಗೆದುಹಾಕಿದರೆ? ತರಬೇತಿಯ ಪರೀಕ್ಷೆಯಲ್ಲಿ ಫೇಲಾದರೆ? ಗರ್ಭಿಣಿಯಾದರೆ ರಜೆಯ ದಿನಗಳು ಎಣಿಕೆಗೆ ಸೇರುತ್ತವೋ? ಈ ಕೊನೆಯದನ್ನು ಕೇಳಲು ಸಂಕೋಚ ಪಡಬೇಡಿ. ಮೂಲ ಮಾರ್ಕ್ಸ್‌ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಥವಾ ಸಹಿ ಮಾಡಿದ ಖಾಲಿ ಚೆಕ್ ಕೊಡಿ ಅಂದರೆ ಮಾತ್ರ ಎದ್ದು ಬನ್ನಿ.

ಕಾಗದದಲ್ಲಿ 'ಅಪ್ರೆಂಟಿಸ್' ಅಂತ ಇದೆಯಾ ನೋಡಿ. 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ನೀವು ಕಲಿಯುವವರು, ನೌಕರರಲ್ಲ. ಪಿ.ಎಫ್. ನಿರೀಕ್ಷಿಸಬೇಡಿ. ಈಗಿನ ಕೆಲಸದಲ್ಲಿ ಐದು ವರ್ಷ ತುಂಬಲು ಕೆಲವೇ ತಿಂಗಳು ಬಾಕಿ ಇದ್ದರೆ, ಐದು ತುಂಬಿದ ಮೇಲೆ ಸಿಗುವ ಗ್ರಾಚ್ಯುಟಿಯ ಲೆಕ್ಕ ಹಾಕಿ, ಮುಂದಿನ ಬ್ಯಾಚಿಗೆ ಹೋಗಬಹುದೋ ಕೇಳಿ.

ಮನೆಯ ಲೆಕ್ಕವೂ ಇದೆ. ತರಬೇತಿಯ ತಿಂಗಳುಗಳಲ್ಲಿ ಕೈಗೆ ಬರುವುದು ಹಳೆಯ ಸಂಬಳಕ್ಕಿಂತ ಕಡಿಮೆ ಇರಬಹುದು. ಮೆಟ್ರೋ ಇಳಿದು ರಾಮವಾಡಿಯಿಂದ ಖರಾಡಿಗೆ ಮತ್ತೆ ಬಸ್ಸೋ ಆಟೋನೋ ಹಿಡಿಯಬೇಕು, ಮಳೆಗಾಲದಲ್ಲಿ ಆ ರಸ್ತೆಯ ಕಥೆ ಕೇಳಬೇಡಿ. ಲಂಡನ್ ಸಮಯದ ಶಿಫ್ಟ್ ಅಂದರೆ ಮಧ್ಯಾಹ್ನ ಹೋಗಿ ರಾತ್ರಿ ಹತ್ತು ದಾಟಿ ಬರುವುದು. ಮಕ್ಕಳಿರುವವರು ಅತ್ತೆ, ಗಂಡ, ಪಕ್ಕದ ಮನೆಯವರು ಎಲ್ಲರ ಜೊತೆ ಇದನ್ನು ಮೊದಲೇ ಮಾತಾಡಿಕೊಳ್ಳಿ.

ಒಳಗೆ ಹೋದ ಮೇಲೆ

ಬ್ಯಾಚಿನಲ್ಲಿ ಪಕ್ಕದಲ್ಲಿ ಕೂರುವವರು ಇಪ್ಪತ್ತೆರಡರ ಮಕ್ಕಳು. ಅವರು ಬೇಗ ಟೈಪ್ ಮಾಡುತ್ತಾರೆ, ನೀವು ಪ್ರಶ್ನೆಯನ್ನು ಪೂರ್ತಿ ಓದುತ್ತೀರಿ. ಎರಡೂ ಬೇಕು. ಮೊದಲ ದಿನವೇ ಡೆವಲಪರ್ ಕುರ್ಚಿ ಸಿಗುವುದು ಅಪರೂಪ. ಜಾಸ್ತಿ ಜನರನ್ನು ಟೆಸ್ಟಿಂಗ್‌ಗೋ ಪ್ರೊಡಕ್ಷನ್ ಸಪೋರ್ಟಿಗೋ (ನಡೆಯುತ್ತಿರುವ ವ್ಯವಸ್ಥೆ ನಿಲ್ಲದಂತೆ ನೋಡಿಕೊಳ್ಳುವ ಕೆಲಸ) ಹಾಕುತ್ತಾರೆ. ಸಪೋರ್ಟ್ ಅಂದರೆ ಕೆಲವರು ಮುಖ ಸಿಂಡರಿಸುತ್ತಾರೆ, ನನಗಂತೂ ಅದು ಒಳ್ಳೆಯ ಬಾಗಿಲು. ರಾತ್ರಿ ಪಾವತಿ ಫೈಲು ನಿಂತಾಗ ಎಲ್ಲಿ ನಿಂತಿತು ಅಂತ ಹುಡುಕಿ ಹುಡುಕಿ ಇಡೀ ವ್ಯವಸ್ಥೆ ಗೊತ್ತಾಗುತ್ತದೆ, ಬರೀ ಒಂದು ಮೂಲೆಯ ಕೋಡ್ ಬರೆಯುವವನಿಗೆ ಅದು ಗೊತ್ತಿರುವುದಿಲ್ಲ. ಒಂದು ಎಚ್ಚರ: ಆಫೀಸಿನ ಕೋಡಾಗಲಿ ಡೇಟಾ ಆಗಲಿ ನಿಮ್ಮ ಸ್ವಂತ ಮೇಲಿಗೆ ಕಳಿಸಿಕೊಳ್ಳಬೇಡಿ, ಮನೆಯಲ್ಲಿ ಓದಲಿಕ್ಕೆ ಅಂತ ಅಂದರೂ ಬೇಡ. ಬ್ಯಾಂಕಿನಲ್ಲಿ ಇದಕ್ಕೆ ಕ್ಷಮೆ ಇಲ್ಲ.

ವೆರಿಫಿಕೇಶನ್, ರಾಜೀನಾಮೆ

ಬ್ಯಾಂಕುಗಳು ಹಿನ್ನೆಲೆ ಬಿಗಿಯಾಗಿ ನೋಡುತ್ತವೆ: ಹಳೆಯ ಕೆಲಸಗಳು, ವಿಳಾಸ, ಪೊಲೀಸ್ ದಾಖಲೆ, ಹಲವು ಕಡೆ ಸಾಲದ ಇತಿಹಾಸವೂ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ಸಾಲದ ದಾಖಲೆ ಇಡುವ ಈ ನಾಲ್ಕೂ ಕಂಪನಿಗಳ ಕಡೆ ವರ್ಷಕ್ಕೊಂದು ಪೂರ್ತಿ ವರದಿ ಪುಕ್ಕಟೆ ಸಿಗುತ್ತದೆ. ಅರ್ಜಿ ಹಾಕುವ ಮುಂಚೆಯೇ ತರಿಸಿ ನೋಡಿ. ಮರೆತ ಕ್ರೆಡಿಟ್ ಕಾರ್ಡ್ ಬಾಕಿ, ಭಾವನ ಬೈಕ್ ಸಾಲಕ್ಕೆ ಹಾಕಿದ ಜಾಮೀನು, ಎಲ್ಲ ಅಲ್ಲಿ ಕೂತಿರುತ್ತದೆ. ತಪ್ಪು ನಮೂದು ಇದ್ದರೆ ಆನ್‌ಲೈನಿನಲ್ಲೇ ತಕರಾರು ಹಾಕಬಹುದು, ಆದರೆ ಸರಿಯಾಗಲು ವಾರಗಳು ಬೇಕು.

ವೆರಿಫಿಕೇಶನ್ ಮುಗಿಯಿತು ಅಂತ ಮೇಲ್ ಬರುವವರೆಗೆ ರಾಜೀನಾಮೆ ಕೊಡಬೇಡಿ. ನೋಟಿಸ್ ಅವಧಿ ಉದ್ದ ಇದ್ದವರು ಇದನ್ನು ಹೊಸ ಕಡೆ ಸಂದರ್ಶನದಲ್ಲೇ ಹೇಳಿಬಿಡಿ.

ಕೊನೆಯದಾಗಿ, ನಮ್ಮವರಲ್ಲಿ ಜಾಸ್ತಿ ಬರುವ ತೊಂದರೆ. ಮಾವನ ಹೋಟೆಲಿನಲ್ಲೋ ಅಣ್ಣನ ಅಂಗಡಿಯಲ್ಲೋ ವರ್ಷಗಟ್ಟಲೆ ದುಡಿದಿರುತ್ತಾರೆ, ಸಂಬಳ ಕೈಗೆ ನಗದು, ಪಿ.ಎಫ್. ಇಲ್ಲ, ಪೇ ಸ್ಲಿಪ್ ಇಲ್ಲ. ಅದನ್ನು ಮುಚ್ಚಿಟ್ಟು ಗ್ಯಾಪ್ ಅಂತ ತೋರಿಸಬೇಡಿ, ಇಲ್ಲದ ಕಂಪನಿಯ ಹೆಸರಂತೂ ಬೇಡವೇ ಬೇಡ. ಮಾಲೀಕರಿಂದ ಲೆಟರ್‌ಹೆಡ್‌ನಲ್ಲಿ ಪತ್ರ ತಗೊಳ್ಳಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಏನು ಕೆಲಸ ಅಂತ ಇರಲಿ. ಜೊತೆಗೆ ಅವರ ಶಾಪ್ ಆಕ್ಟ್ ಲೈಸೆನ್ಸಿನ ಪ್ರತಿ (ಮುಂಬೈಯವರು ಗುಮಾಸ್ತಾ ಅನ್ನುತ್ತಾರಲ್ಲ, ಅದೇ) ಮತ್ತು ಜಿಎಸ್‌ಟಿ ನಂಬರು. ನಿಮ್ಮ ಖಾತೆಗೆ ಆಗೀಗ ಹಾಕಿದ ಹಣ ಇದ್ದರೆ ಆ ಸ್ಟೇಟ್‌ಮೆಂಟ್ ಕೂಡ ಇಡಿ. ಇದನ್ನು ಎಚ್‌ಆರ್‌ಗೆ ಅವರು ಕೇಳುವ ಮುಂಚೆ ನೀವೇ ಹೇಳಿ. ವೆರಿಫಿಕೇಶನ್‌ನವರ ಫೋನು ಹೋಟೆಲಿಗೆ ಬರುವುದು ಹೆಚ್ಚಾಗಿ ಮಧ್ಯಾಹ್ನ ಊಟದ ಗಲಾಟೆಯಲ್ಲೇ. ಯಾರು ಎತ್ತಬೇಕು, ಏನು ಹೇಳಬೇಕು ಅಂತ ಮಾವನಿಗೂ ಕೌಂಟರಿನ ಹುಡುಗನಿಗೂ ಹಿಂದಿನ ದಿನವೇ ತಿಳಿಸಿರಿ.